ಎಲ್ಲದಕ್ಕೂ ‘ಇಂಪ್ರೂವ್’ ಅಂದರೆ ಸಾಕಾ?

ಆಫೀಸಿನಲ್ಲಿ ಹೊಸದಾಗಿ ಟೀಮ್ ಲೀಡ್ ಆದವರೊಬ್ಬರು ತಮ್ಮ ಟೀಮಿನ ಹುಡುಗಿಗೆ ಮೆಚ್ಚುಗೆಯ ಮೇಲ್ ಕಳಿಸುತ್ತಾರೆ ಅಂದುಕೊಳ್ಳಿ. ‘ಯುವರ್ ಪ್ರೆಸೆಂಟೇಶನ್ಸ್ ಹ್ಯಾವ್ ಇಂಪ್ರೂವ್ಡ್ ಎ ಲಾಟ್’ ಅಂತ ಒಂದೇ ಸಾಲು. ಬರೆದವರ ಮನಸ್ಸಿನಲ್ಲಿರುವುದು ಹೊಗಳಿಕೆ. ಓದಿದವಳಿಗೆ ಮಾತ್ರ ಎಲ್ಲೋ ಚುಚ್ಚುತ್ತದೆ. ‘ಹಾಗಾದ್ರೆ ಇಷ್ಟು ದಿನ ಕೆಟ್ಟದಾಗಿ ಮಾಡ್ತಿದ್ನಾ?’ ವ್ಯಾಕರಣ ಸರಿಯಿದೆ, ಸ್ಪೆಲಿಂಗ್ ಸರಿಯಿದೆ, ಉದ್ದೇಶವೂ ಒಳ್ಳೆಯದೇ. ಆದರೂ ಮಾತು ಹೋಗಿ ಬೇರೆ ಕಡೆ ತಾಗಿತು.

ಕಾರಣ ಇಷ್ಟೇ. ‘ಇಂಪ್ರೂವ್’ ಅನ್ನುವ ಪದ ಈಗಿನ ಸ್ಥಿತಿ ಹೇಳಿ ಸುಮ್ಮನಾಗುವುದಿಲ್ಲ. ಮುಂಚೆ ಕೊರತೆ ಇತ್ತು ಅನ್ನುವುದನ್ನೂ ಜೊತೆಗೇ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಸುಧಾರಣೆಗೆ ಹತ್ತಾರು ಪದಗಳಿವೆ. ಡಿಕ್ಷನರಿ ತೆಗೆದರೆ ಎಲ್ಲದರ ಮುಂದೆಯೂ ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿರುತ್ತದೆ. ಹಾಗಾಗಿ ಯಾವುದನ್ನು ಬಳಸಿದರೂ ನಡೆಯುತ್ತೆ ಅನ್ನಿಸುತ್ತದೆ. ನಡೆಯುವುದಿಲ್ಲ. ಒಂದೊಂದು ಪದಕ್ಕೂ ‘ಮುಂಚೆ ಹೇಗಿತ್ತು’ ಅನ್ನುವುದರ ಬಗ್ಗೆ ತನ್ನದೇ ಅಭಿಪ್ರಾಯ ಇದೆ. ಕೆಟ್ಟಿತ್ತಾ, ಸಾಧಾರಣವಾಗಿತ್ತಾ, ಚೆನ್ನಾಗಿಯೇ ಇತ್ತಾ, ಹಳೇದಾಗಿತ್ತಾ, ಮುರಿದಿತ್ತಾ? ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ.

ಕನ್ನಡದಲ್ಲಿ ಇದನ್ನು ನಾವು ಯೋಚಿಸದೆಯೇ ಮಾಡುತ್ತೇವೆ. ಹಳೇ ದೇವಸ್ಥಾನಕ್ಕೆ ಜೀರ್ಣೋದ್ಧಾರ, ಕೆಟ್ಟ ಪಂಪ್‌ಸೆಟ್ಟಿಗೆ ರಿಪೇರಿ, ಕಾಯಿಲೆ ಬಿದ್ದವರಿಗೆ ಚೇತರಿಕೆ, ಮನೆತನಕ್ಕೆ ಏಳಿಗೆ. ‘ನಮ್ಮ ಪಂಪ್‌ಸೆಟ್ ಏಳಿಗೆ ಆಯ್ತು’ ಅಂದರೆ ಮಕ್ಕಳೂ ನಗುತ್ತಾರೆ. ಇಂಗ್ಲಿಷಿಗೆ ಹೋದ ಕೂಡಲೇ ಯಾಕೋ ಆ ಕಿವಿ ಮಂದವಾಗುತ್ತದೆ. ಎಲ್ಲದಕ್ಕೂ ‘ಇಂಪ್ರೂವ್’ ಹಾಕಿ ಮುಂದೆ ಹೋಗುತ್ತೇವೆ.

ಅದೇ ಜಮೀನು, ಬೇರೆ ಬೇರೆ ಪದ

ಇದನ್ನು ಸರಿಯಾಗಿ ನೋಡಬೇಕಾದರೆ ಜಮೀನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂಗ್ಲಿಷ್‌ನಲ್ಲಿ ‘ಲ್ಯಾಂಡ್ ಇಂಪ್ರೂವ್‌ಮೆಂಟ್’ ಇದೆ, ‘ಲ್ಯಾಂಡ್ ರಿಫಾರ್ಮ್’ ಇದೆ, ‘ಲ್ಯಾಂಡ್ ಡೆವಲಪ್‌ಮೆಂಟ್’ ಇದೆ, ‘ಲ್ಯಾಂಡ್ ರೆಕ್ಲಮೇಶನ್’ ಕೂಡ ಇದೆ. ನಾಲ್ಕೂ ಒಳ್ಳೆಯದಕ್ಕೇ ಅಂತ ಇಟ್ಟುಕೊಂಡ ಹೆಸರುಗಳು. ಆದರೆ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಕಾನೂನೇ ಬದಲಾಗಿಹೋಗುತ್ತದೆ.

ಮೊದಲು ‘ಇಂಪ್ರೂವ್‌ಮೆಂಟ್’. ಬ್ರಿಟಿಷರ ಕಾಲದಲ್ಲಿ, 1883ರಲ್ಲಿ, ಲ್ಯಾಂಡ್ ಇಂಪ್ರೂವ್‌ಮೆಂಟ್ ಲೋನ್ಸ್ ಆಕ್ಟ್ ಅನ್ನುವ ಕಾಯ್ದೆ ಬಂತು. ಬಾವಿ ತೋಡಲು, ಕೆರೆ ಕಟ್ಟಲು, ಜಮೀನನ್ನು ನೀರಾವರಿಗೆ ಅಣಿ ಮಾಡಲು ರೈತರಿಗೆ ಸರ್ಕಾರ ಸಾಲ ಕೊಡುವ ಕಾಯ್ದೆ ಅದು. ಅದರಲ್ಲಿ ಇಂಪ್ರೂವ್‌ಮೆಂಟ್ ಅಂದರೆ ಜಮೀನಿನ ಗೇಣಿ ಬೆಲೆಯನ್ನು ಹೆಚ್ಚಿಸುವ ಕೆಲಸ. ನೋಡಿ, ಎಷ್ಟು ಲೆಕ್ಕಾಚಾರದ ಅರ್ಥ! ಇದು ಆ ಕಾಯ್ದೆ ಬರೆದವರು ಹೊಸದಾಗಿ ಕೊಟ್ಟ ಅರ್ಥವೇನೂ ಅಲ್ಲ. ‘ಇಂಪ್ರೂವ್’ ಹುಟ್ಟಿದ್ದೇ ಲಾಭ ಅನ್ನುವ ಅರ್ಥದ ಹಳೇ ಫ್ರೆಂಚ್ ಪದದಿಂದ. ಒಂದು ವಸ್ತುವಿನಿಂದ ಲಾಭ ಬರುವ ಹಾಗೆ ಮಾಡುವುದು ಅದರ ಮೊದಲ ಅರ್ಥ. ಇಂಗ್ಲೆಂಡಿನಲ್ಲಿ ಬಹಳ ಕಾಲ ಈ ಪದ ಜಮೀನಿಗೇ ಅಂಟಿಕೊಂಡಿತ್ತು. ಲ್ಯಾನ್ಸೆಲಾಟ್ ಬ್ರೌನ್ ಅನ್ನುವ 18ನೇ ಶತಮಾನದ ಪ್ರಸಿದ್ಧ ಉದ್ಯಾನ ವಿನ್ಯಾಸಗಾರನಿಗೆ ‘ಕೇಪಬಿಲಿಟಿ ಬ್ರೌನ್’ ಅಂತಲೇ ಹೆಸರು ನಿಂತಿತು. ಶ್ರೀಮಂತರ ಎಸ್ಟೇಟ್ ನೋಡಿ ಬಂದಾಗಲೆಲ್ಲ ಇಲ್ಲಿ ಇಂಪ್ರೂವ್‌ಮೆಂಟಿಗೆ ಒಳ್ಳೆಯ ‘ಕೇಪಬಿಲಿಟಿ’ ಇದೆ ಅನ್ನುವುದು ಅವನ ಅಭ್ಯಾಸವಾಗಿತ್ತು. ಗಿರಾಕಿಯನ್ನು ನೋಯಿಸದೆ ‘ನಿಮ್ಮ ತೋಟ ಇನ್ನೂ ಸಾಲದು’ ಅನ್ನುವ ಜಾಣ ದಾರಿ ಅದು.

ಇನ್ನು ‘ರಿಫಾರ್ಮ್’. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರದ್ದು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಅದಕ್ಕೆ ದೊಡ್ಡ ತಿದ್ದುಪಡಿ ಆಗಿ ಗೇಣಿ ಪದ್ಧತಿಯೇ ಹೋಯಿತು. ಉಳುವವನೇ ಹೊಲದೊಡೆಯ ಅಂತ ನಮ್ಮ ಊರುಗಳಲ್ಲಿ ಇವತ್ತಿಗೂ ನೆನೆಯುವುದು ಇದನ್ನೇ. ಈ ಕಾಯ್ದೆಯಿಂದ ಒಂದು ಹಿಡಿ ಮಣ್ಣೂ ಫಲವತ್ತಾಗಲಿಲ್ಲ. ಒಂದು ಬಾವಿಯೂ ತೋಡಲಿಲ್ಲ. ಬದಲಾದದ್ದು ಮಣ್ಣಿಗೂ ಮನುಷ್ಯನಿಗೂ ಇದ್ದ ಸಂಬಂಧ. ‘ರಿಫಾರ್ಮ್’ ಪದದ ಜಾಗ ಅದೇ. ವಸ್ತು ಹಾಗೇ ಇರುತ್ತದೆ, ಅದರ ಸುತ್ತ ಇದ್ದ ಏರ್ಪಾಡು ತಪ್ಪಾಗಿತ್ತು, ಅದನ್ನು ತಿದ್ದಿದರು. ಅದಕ್ಕೇ ಕಾನೂನಿಗೆ, ಜೈಲಿಗೆ, ಚುನಾವಣೆಗೆ, ತೆರಿಗೆಗೆ ರಿಫಾರ್ಮ್. ಮನುಷ್ಯರಿಗೆ ಈ ಪದ ಬಳಸುವಾಗ ಜೋಪಾನ. ‘ಹೀ ಈಸ್ ಎ ರಿಫಾರ್ಮ್ಡ್ ಮ್ಯಾನ್’ ಅಂದರೆ ಆತ ಮುಂಚೆ ಕುಡುಕನೋ ಕಳ್ಳನೋ ಆಗಿದ್ದ ಅಂತಲೇ ಕೇಳಿಸಿಕೊಂಡವರು ತಿಳಿಯುತ್ತಾರೆ. ಮಗ ಲೆಕ್ಕದಲ್ಲಿ ಸ್ವಲ್ಪ ಮುಂದೆ ಬಂದ ಅನ್ನುವುದಕ್ಕೆ ಇದನ್ನು ಹಾಕಿಬಿಟ್ಟೀರಿ.

‘ಡೆವಲಪ್‌ಮೆಂಟ್’ ಕಥೆ ಬೆಂಗಳೂರಿನ ಹೆಸರಿನ ಬೋರ್ಡಿನಲ್ಲೇ ಇದೆ. 1945ರಲ್ಲಿ ಬೆಂಗಳೂರಿಗೆ ಬಂದದ್ದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. ಈ ಹೆಸರು ಬೆಂಗಳೂರಿಗೆ ಹೊಸದಾಗಿ ಹುಟ್ಟಿದ್ದಲ್ಲ. 1896ರಲ್ಲಿ ಪ್ಲೇಗ್ ಬಡಿದ ಮೇಲೆ ಬಾಂಬೆಯಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತ್ತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳನ್ನು ಒಡೆದು ಅಗಲ ರಸ್ತೆ ಮಾಡುವುದು ಅದರ ಕೆಲಸ. ಅಂದರೆ ಇರುವ ಊರು ಸರಿಯಿಲ್ಲ, ಅದನ್ನು ಸರಿಮಾಡಬೇಕು ಅನ್ನುವ ಧಾಟಿ. 1976ರ ಕಾಯ್ದೆಯಿಂದ ಬೆಂಗಳೂರಿನಲ್ಲಿ ಹಳೇ ಬೋರ್ಡಿನ ಜಾಗಕ್ಕೆ ಬಿಡಿಎ, ಅಂದರೆ ಬೆಂಗಳೂರು ಡೆವಲಪ್‌ಮೆಂಟ್ ಅಥಾರಿಟಿ, ಬಂದಾಗ ಹೆಸರಿನಲ್ಲಿದ್ದ ‘ಇಂಪ್ರೂವ್‌ಮೆಂಟ್’ ಹೋಗಿ ‘ಡೆವಲಪ್‌ಮೆಂಟ್’ ಕೂತಿತು. ‘ಡೆವಲಪ್’ ಅನ್ನುವ ಪದಕ್ಕೆ ಹಿಂದಿನ ಕೊರತೆಯ ಚಿಂತೆ ಕಡಿಮೆ. ಇಲ್ಲದ್ದು ಬರಬೇಕು, ಖಾಲಿ ಇದ್ದದ್ದು ತುಂಬಬೇಕು. ಹೊಲ ಇದ್ದಲ್ಲಿ ಲೇಔಟ್, ಸೈಟು, ಚರಂಡಿ, ಪಾರ್ಕು. ಆ ಹೊಲ ಹೊಲವಾಗಿ ಚೆನ್ನಾಗಿಯೇ ಇದ್ದಿರಬಹುದು. ರಿಯಲ್ ಎಸ್ಟೇಟಿನವರಿಗೆ ಈ ಪದ ಯಾಕೆ ಇಷ್ಟ ಅಂತ ಈಗ ಗೊತ್ತಾಯ್ತಲ್ವಾ?

ಬೆಂಗಳೂರಿನಲ್ಲಿ ಖಾತಾಕ್ಕೆ ಓಡಾಡಿದವರಿಗೆ ಇನ್ನೊಂದು ಪದವೂ ಗೊತ್ತಿರುತ್ತದೆ, ‘ಬೆಟರ್‌ಮೆಂಟ್ ಚಾರ್ಜಸ್’. ಇಲ್ಲಿ ನೀವು ಏನೂ ಮಾಡಿರಬೇಕಾಗಿಲ್ಲ. ಸಾರ್ವಜನಿಕ ದುಡ್ಡಿನಲ್ಲಿ ರಸ್ತೆ, ಒಳಚರಂಡಿ ಆದರೆ ನಿಮ್ಮ ಸೈಟಿನ ಬೆಲೆ ತಾನಾಗೇ ಏರುತ್ತದೆ, ಅದರಲ್ಲಿ ಒಂದು ಪಾಲು ಕೊಡಿ ಅನ್ನುವ ತರ್ಕ. ಆಸ್ತಿ ಕಾನೂನಿನಲ್ಲಿ ‘ಬೆಟರ್‌ಮೆಂಟ್’ ಅಂದರೆ ಹೀಗೆ ಹೊರಗಿನಿಂದ ಬಂದ ಬೆಲೆಯೇರಿಕೆ. ಭಾಷಣಗಳಲ್ಲಿ ಬರುವ ‘ಸಮಾಜದ ಬೆಟರ್‌ಮೆಂಟ್’ ಬೇರೆ ಸಂಗತಿ.

‘ರೆಕ್ಲಮೇಶನ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಡಲಿನಿಂದ ನೆಲ ಕಸಿದ ಮುಂಬೈ ಬ್ಯಾಕ್‌ಬೇ ಒಂದು ಬಗೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಜಾಸ್ತಿಯಾಗಿ ಜೌಗು ಹಿಡಿದ, ಸವುಳಾದ ಗದ್ದೆಯನ್ನು ಮತ್ತೆ ಬೆಳೆಗೆ ತರುವುದು ಇನ್ನೊಂದು. ಎರಡರಲ್ಲೂ ಕೈಯಲ್ಲಿಲ್ಲದ ನೆಲವನ್ನು ಕೈಗೆ ತಂದುಕೊಳ್ಳುವ ಮಾತೇ ಇದೆ.

ಚೆನ್ನಾಗಿದ್ದದ್ದು ಇನ್ನೂ ಚೆನ್ನಾದರೆ

ಮೊದಲಿನ ಟೀಮ್ ಲೀಡ್ ಏನು ಬರೆಯಬೇಕಿತ್ತು? ಆ ಹುಡುಗಿ ಮುಂಚೆಯೂ ಚೆನ್ನಾಗಿಯೇ ಮಾಡುತ್ತಿದ್ದಳು ಅಂತಾದರೆ ‘ಈವನ್ ಬೆಟರ್’, ‘ಗೆಟಿಂಗ್ ಸ್ಟ್ರಾಂಗರ್’ ಅಂದಿದ್ದರೆ ಸಾಕಿತ್ತು. ಆ ‘ಈವನ್’ ಒಂದೇ ಪದ ‘ಮುಂಚೆಯೂ ಚೆನ್ನಾಗಿತ್ತು’ ಅನ್ನುವ ಮಾತನ್ನು ಹೊತ್ತು ತರುತ್ತದೆ. ಕಾರ್ಪೊರೇಟ್ ಲೋಕದಲ್ಲಿ ಇದು ಇನ್ನೂ ಸೂಕ್ಷ್ಮ. ಅಪ್ರೈಸಲ್ ಫಾರ್ಮಿನಲ್ಲಿ ‘ನೀಡ್ಸ್ ಇಂಪ್ರೂವ್‌ಮೆಂಟ್’ ಅಂದರೆ ಫೇಲ್ ಅಂತ ಹೇಳುವ ನಯವಾದ ರೀತಿ. ಐಟಿಯವರಿಗೆ ‘ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್’ ಅಂದರೆ ಎದೆ ಧಸಕ್ ಅನ್ನುತ್ತದೆ. ‘ಅವನನ್ನ ಪಿಐಪಿಗೆ ಹಾಕಿದಾರಂತೆ’ ಅಂದರೆ ಅವನು ಬೇರೆ ಕೆಲಸ ಹುಡುಕುತ್ತಿದ್ದಾನೆ ಅಂತ ಅರ್ಥ.

‘ಇಂಪ್ರೂವ್’ ಚುಚ್ಚುತ್ತದೆ ಅಂತ ಹೆದರಿದವರು ಸಾಮಾನ್ಯವಾಗಿ ಓಡುವುದು ‘ಎನ್‌ಹ್ಯಾನ್ಸ್’ ಕಡೆಗೆ. ಅದು ದೊಡ್ಡ ಪದದ ಹಾಗೆ ಕೇಳಿಸುತ್ತದೆ, ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ. ಇದರ ಬೇರು ಎತ್ತರ ಅನ್ನುವ ಅರ್ಥದ ಲ್ಯಾಟಿನ್ ಪದ. ಇದ್ದದ್ದನ್ನು ಇನ್ನೂ ಮೇಲಕ್ಕೆ ಎತ್ತುವುದು ಇದರ ಕೆಲಸ. ಹಾಗಾಗಿ ಎತ್ತಲು ಏನಾದರೂ ಇರಬೇಕು. ರುಚಿ, ಬಣ್ಣ, ಹೆಸರು, ಮೌಲ್ಯ, ಭದ್ರತೆ ಇವುಗಳಿಗೆ ‘ಎನ್‌ಹ್ಯಾನ್ಸ್’ ಹೊಂದುತ್ತದೆ. ಉಪ್ಪು ಸಾರಿನ ರುಚಿಯನ್ನು ಎನ್‌ಹ್ಯಾನ್ಸ್ ಮಾಡುತ್ತದೆ, ಹಳಸಿದ ಸಾರನ್ನು ಮಾಡುವುದಿಲ್ಲ. ಇನ್ನೊಂದು ವಿಷಯ, ಇದು ಕೂರುವುದು ಗುಣಗಳ ಜೊತೆ, ಮನುಷ್ಯರ ಜೊತೆ ಅಷ್ಟಾಗಿ ಅಲ್ಲ. ‘ಐ ವಾಂಟ್ ಟು ಎನ್‌ಹ್ಯಾನ್ಸ್ ಮೈಸೆಲ್ಫ್’ ಅಂತ ಇಂಟರ್‌ವ್ಯೂನಲ್ಲಿ ಹೇಳಿದರೆ ಕಾಸ್ಮೆಟಿಕ್ ಸರ್ಜರಿ ನೆನಪಾಗುತ್ತದೆ. ‘ಎನ್‌ಹ್ಯಾನ್ಸ್ ಮೈ ಸ್ಕಿಲ್ಸ್’ ಅನ್ನಿ.

ಈ ಪದಕ್ಕೆ ಒಳ್ಳೆಯತನದ ಹಂಗಿಲ್ಲ ಅನ್ನುವುದಕ್ಕೆ ನಮ್ಮ ಕೋರ್ಟುಗಳೇ ಸಾಕ್ಷಿ. ಭೂಸ್ವಾಧೀನದಲ್ಲಿ ಜಮೀನು ಕಳೆದುಕೊಂಡವರಿಗೆ ‘ಎನ್‌ಹ್ಯಾನ್ಸ್ಡ್ ಕಾಂಪೆನ್ಸೇಶನ್’ ಸಿಗುತ್ತದೆ, ಸಂತೋಷ. ಅದೇ ಕೋರ್ಟು ಅಪರಾಧಿಯ ಶಿಕ್ಷೆಯನ್ನೂ ‘ಎನ್‌ಹ್ಯಾನ್ಸ್’ ಮಾಡಬಹುದು. ಎರಡು ವರ್ಷದ ಜೈಲು ಐದು ವರ್ಷ ಆಯಿತು ಅಂತ. ಒಳಗಿದ್ದವನಿಗೆ ಇದರಲ್ಲಿ ಸುಧಾರಣೆ ಏನೂ ಕಾಣುವುದಿಲ್ಲ.

‘ಎನ್‌ರಿಚ್’ ಮತ್ತು ‘ಫೋರ್ಟಿಫೈ’ ನೋಡಿ, ‘ಮುಂಚೆ ಹೇಗಿತ್ತು’ ಅನ್ನುವ ಪ್ರಶ್ನೆ ಇಲ್ಲಿ ಎಷ್ಟು ಖಚಿತವಾಗಿ ಕೆಲಸ ಮಾಡುತ್ತದೆ ಅಂತ. ಆಹಾರದ ವಿಷಯದಲ್ಲಿ ಇವೆರಡೂ ಒಂದೇ ಅಲ್ಲ. ಗೋಧಿಯನ್ನು ಮೈದಾ ಮಾಡುವಾಗ ಹೊಟ್ಟಿನ ಜೊತೆ ಕೆಲವು ಬಿ ವಿಟಮಿನ್‌ಗಳೂ ಕಬ್ಬಿಣದ ಅಂಶವೂ ಹೋಗಿಬಿಡುತ್ತವೆ. ಹೋದದ್ದನ್ನೇ ಮತ್ತೆ ಬೆರೆಸಿದರೆ ಆ ಹಿಟ್ಟು ‘ಎನ್‌ರಿಚ್ಡ್’. ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಮೊದಲೇ ಇರಲಿಲ್ಲ, ಹೊರಗಿನಿಂದ ಸೇರಿಸಿದರು, ಅದು ‘ಫೋರ್ಟಿಫೈಡ್’. ಪಡಿತರ ಅಂಗಡಿಯ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿದ್ದಕ್ಕೂ ಫೋರ್ಟಿಫೈಡ್ ಅನ್ನುವುದು ಇದೇ ಕಾರಣಕ್ಕೆ. ಅಂದಹಾಗೆ ಯುರೇನಿಯಂ ‘ಎನ್‌ರಿಚ್’ ಮಾಡುವಾಗ ಹೊರಗಿನಿಂದ ಏನನ್ನೂ ಸೇರಿಸುವುದಿಲ್ಲ. ನೈಸರ್ಗಿಕ ಯುರೇನಿಯಂನಲ್ಲಿ ಶೇ. 0.7ರಷ್ಟು ಇರುವ ಯು-235 ಅನ್ನುವ ಬಗೆಯ ಪಾಲನ್ನು ಏರಿಸುತ್ತಾರೆ ಅಷ್ಟೇ. ಸಾಮಾನ್ಯ ವಿದ್ಯುತ್ ರಿಯಾಕ್ಟರಿಗೆ ಶೇ. 3ರಿಂದ 5 ಇದ್ದರೆ ಸಾಕು.

‘ರಿಫೈನ್’ ಅಂದರೆ ಕಸ ತೆಗೆಯುವುದು. ಎಣ್ಣೆ, ಸಕ್ಕರೆಗೆ ಬಳಸುವ ಪದ, ಯೋಚನೆಗೂ ವಾದಕ್ಕೂ ಬರುತ್ತದೆ. ‘ಹೋನ್’ ಅಂದರೆ ಸಾಣೆ ಹಿಡಿಯುವುದು, ಕೈಯಲ್ಲಿ ಆಗಲೇ ಇರುವ ಕಲೆಗೆ ಮಾತ್ರ. ನಿನ್ನೆ ವೀಣೆ ಪಾಠಕ್ಕೆ ಸೇರಿದವರು ಇವತ್ತು ಏನನ್ನೂ ಹೋನ್ ಮಾಡಲಾರರು.

ಸಮಸ್ಯೆಯನ್ನು ಇಂಪ್ರೂವ್ ಮಾಡಬೇಡಿ

ನಮ್ಮ ಇಂಗ್ಲಿಷ್ ಬರವಣಿಗೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಣುವ ಎಡವಟ್ಟು ಇದು. ‘ವಿ ವಿಲ್ ಇಂಪ್ರೂವ್ ದಿ ಟ್ರಾಫಿಕ್ ಪ್ರಾಬ್ಲಮ್.’ ಟ್ರಾಫಿಕ್ ಇಂಪ್ರೂವ್ ಆಗಲಿ, ಒಳ್ಳೆಯದೇ. ಪ್ರಾಬ್ಲಮ್ ಇಂಪ್ರೂವ್ ಆಗುವುದು ಅಂದರೇನು? ಇನ್ನೂ ಗಟ್ಟಿಯಾದ, ಉತ್ತಮ ದರ್ಜೆಯ ಪ್ರಾಬ್ಲಮ್ಮಾ?

ಇಲ್ಲಿ ಇಂಗ್ಲಿಷ್ ಪದಗಳು ಎರಡು ಗುಂಪಾಗುತ್ತವೆ. ಒಂದು ಗುಂಪು ಒಳ್ಳೆಯದನ್ನು ಹಿಡಿದುಕೊಂಡು ಅದನ್ನು ಹೆಚ್ಚಿಸುತ್ತದೆ: ಇಂಪ್ರೂವ್, ಎನ್‌ಹ್ಯಾನ್ಸ್, ಬೂಸ್ಟ್, ಸ್ಟ್ರೆಂಥನ್. ಇನ್ನೊಂದು ಗುಂಪು ಕೆಟ್ಟದ್ದನ್ನು ಹಿಡಿದುಕೊಂಡು ಅದನ್ನು ಇಳಿಸುತ್ತದೆ: ರೆಡ್ಯೂಸ್, ಈಸ್, ರಿಲೀವ್, ಅಲೀವಿಯೇಟ್, ಮಿಟಿಗೇಟ್. ನೋವನ್ನು ‘ರಿಲೀವ್’ ಮಾಡಬೇಕು, ‘ಇಂಪ್ರೂವ್’ ಮಾಡಬಾರದು. ಬಡತನವನ್ನು ‘ಅಲೀವಿಯೇಟ್’ ಮಾಡಬೇಕು. ಈ ಎರಡನೇ ಗುಂಪಿನ ಒಳಗೂ ವ್ಯತ್ಯಾಸ ಇದೆ. ‘ಅಲೀವಿಯೇಟ್’ ಅಂದರೆ ಭಾರ ಹಗುರ ಮಾಡುವುದು, ಬೇರು ಕಿತ್ತೆವು ಅನ್ನುವ ಹಕ್ಕು ಅದಕ್ಕಿಲ್ಲ. ‘ಮಿಟಿಗೇಟ್’ ಇನ್ನೂ ಹಿಂದೆಮುಂದೆ ನೋಡುವ ಪದ. ಪ್ರವಾಹ ಬರುವುದನ್ನು ತಡೆಯಲು ಆಗದಿದ್ದರೂ ಅದರಿಂದ ಆಗುವ ಹಾನಿಯನ್ನು ಮಿಟಿಗೇಟ್ ಮಾಡಬಹುದು. ‘ರಿಸಾಲ್ವ್ಡ್’ ಅಂದರೆ ಮುಗಿಯಿತು. ಗ್ರಾಹಕರ ದೂರಿಗೆ ಉತ್ತರ ಬರೆಯುವಾಗ ಕೆಲಸ ಅರ್ಧ ಆಗಿದ್ದರೂ ‘ರಿಸಾಲ್ವ್ಡ್’ ಅಂತ ಹಾಕಿ ಟಿಕೆಟ್ ಮುಚ್ಚುವವರ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ನಾವು ಎಡವುವುದಕ್ಕೆ ಒಂದು ಕಾರಣ ಕನ್ನಡದ ‘ಸುಧಾರಿಸು’ ತುಂಬಾ ಉದಾರವಾಗಿರುವುದು. ಬಿಸಿಲಲ್ಲಿ ನಡೆದು ಬಂದವರಿಗೆ ‘ಸ್ವಲ್ಪ ಸುಧಾರಿಸ್ಕೊಳ್ಳಿ’ ಅನ್ನುತ್ತೇವೆ. ಮದುವೆಗೆ ಅಂದುಕೊಂಡದ್ದಕ್ಕಿಂತ ಜನ ಜಾಸ್ತಿ ಬಂದಾಗ ‘ಹೆಂಗೋ ಸುಧಾರಿಸಿದ್ವಿ’ ಅನ್ನುತ್ತೇವೆ. ಒಂದರಲ್ಲಿ ದಣಿವಾರಿಸಿಕೊಳ್ಳುವುದು, ಇನ್ನೊಂದರಲ್ಲಿ ನಿಭಾಯಿಸುವುದು. ಇಂಗ್ಲಿಷಿನ ‘ಇಂಪ್ರೂವ್’ ಇದರಲ್ಲಿ ಯಾವುದಕ್ಕೂ ಬರುವುದಿಲ್ಲ.

ಅಂಕಿಗಳ ವಿಷಯಕ್ಕೆ ಬಂದರೆ ಇನ್ನೊಂದು ಗೊಂದಲ. ‘ಇಂಪ್ರೂವ್ಡ್’ ಅಂದರೆ ಅಂಕಿ ಮೇಲೇರಿತು ಅಂತ ಅರ್ಥ ಅಲ್ಲ. ರಾಹುಲ್ ದ್ರಾವಿಡ್ ಅವರ ಟೆಸ್ಟ್ ಬ್ಯಾಟಿಂಗ್ ಸರಾಸರಿ 52.31. ಅನಿಲ್ ಕುಂಬ್ಳೆ 619 ವಿಕೆಟ್ ಪಡೆದದ್ದು 29.65ರ ಬೌಲಿಂಗ್ ಸರಾಸರಿಯಲ್ಲಿ. ದ್ರಾವಿಡ್ ಸರಾಸರಿ ಇಂಪ್ರೂವ್ ಆಗಬೇಕಾದರೆ ಅಂಕಿ ಏರಬೇಕು, ಕುಂಬ್ಳೆಯದು ಇಂಪ್ರೂವ್ ಆಗಬೇಕಾದರೆ ಇಳಿಯಬೇಕು. ಕ್ರಿಕೆಟ್ ಗೊತ್ತಿದ್ದವರಿಗೆ ಇದು ಹೇಳದೆಯೇ ತಿಳಿಯುತ್ತದೆ. ಆದರೆ ಕಂಪನಿಯ ರಿಪೋರ್ಟಿನಲ್ಲಿ ‘ಅಟ್ರಿಶನ್ ಇಂಪ್ರೂವ್ಡ್’ ಅಂತ ಬರೆದರೆ? ಬಿಟ್ಟು ಹೋಗುವವರು ಜಾಸ್ತಿಯಾದರಾ, ಕಡಿಮೆಯಾದರಾ? ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಇಂಥ ಕಡೆ ‘ಫೆಲ್’, ‘ರೋಸ್’ ಅಂತ ನೇರವಾಗಿ ಬರೆಯುವುದೇ ಒಳ್ಳೆಯದು. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನಿಸುವುದನ್ನು ಓದುವವರಿಗೆ ಬಿಡಿ.

ಆಸ್ಪತ್ರೆಯ ಕಾಗದದಲ್ಲಿ

ಪದದ ವ್ಯತ್ಯಾಸ ನಿಜಕ್ಕೂ ಭಾರವಾಗುವ ಜಾಗ ಇದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮನೆಗೆ ಹೋಗುವಾಗ ರೋಗಿಯ ಸ್ಥಿತಿ ಹೇಗಿತ್ತು ಅಂತ ಬರೆಯುವ ಒಂದು ಸಾಲು ಇರುತ್ತದೆ. ‘ಇಂಪ್ರೂವ್ಡ್’ ಅಂತಿದ್ದರೆ ಸೇರಿದ ದಿನಕ್ಕಿಂತ ವಾಸಿ. ‘ರಿಕವರ್ಡ್’ ಅಂತಿದ್ದರೆ ಕಾಯಿಲೆಗೆ ಮುಂಚೆ ಹೇಗಿದ್ದರೋ ಆ ಸ್ಥಿತಿಗೆ ಬಂದರು ಅಂತ. ‘ಸ್ಟೇಬಲ್’ ಇವೆರಡೂ ಅಲ್ಲ. ಹದಗೆಡುತ್ತಿಲ್ಲ, ಅಷ್ಟೇ. ಐಸಿಯು ಹೊರಗೆ ಕೂತವರು ‘ಸ್ಟೇಬಲ್ ಅಂದ್ರಂತೆ’ ಅಂತ ಸಮಾಧಾನ ಪಟ್ಟುಕೊಳ್ಳುವುದು ಸಹಜ. ಅದರಲ್ಲಿ ಸುಧಾರಣೆಯ ಮಾತು ಮಾತ್ರ ಇಲ್ಲ.

ಗಾಯಕ್ಕೆ ‘ಹೀಲ್’, ರೋಗಕ್ಕೆ ‘ಕ್ಯೂರ್’. ಗಾಯ ತಾನಾಗೇ ಹೀಲ್ ಆಗಬಹುದು, ಕ್ಯೂರ್ ಅನ್ನುವುದಕ್ಕೆ ಔಷಧವೋ ವೈದ್ಯರೋ ಬೇಕು. ಕ್ಯಾನ್ಸರ್ ವಿಷಯದಲ್ಲಿ ವೈದ್ಯರು ‘ರೆಮಿಷನ್’ ಅನ್ನುತ್ತಾರೆ. ರೋಗದ ಲಕ್ಷಣ ತಗ್ಗಿದೆ ಅಥವಾ ಕಾಣುತ್ತಿಲ್ಲ ಅನ್ನುವಷ್ಟಕ್ಕೆ ಆ ಮಾತು ನಿಲ್ಲುತ್ತದೆ. ‘ಕ್ಯೂರ್ಡ್’ ಅನ್ನುವ ಭರವಸೆಯನ್ನು ಬೇಕೆಂದೇ ಕೊಡುವುದಿಲ್ಲ.

ಎಲ್ಲಕ್ಕಿಂತ ಹುಷಾರಾಗಿರಬೇಕಾದ ಪದ ‘ಪ್ರೋಗ್ರೆಸಿವ್’. ರಿಪೋರ್ಟಿನಲ್ಲಿ ‘ಪ್ರೋಗ್ರೆಸಿವ್ ಡಿಸೀಸ್’ ಅಂತ ನೋಡಿ ಪ್ರಗತಿ ಆಗಿದೆ ಅಂದುಕೊಂಡರೆ ಕಷ್ಟ. ಅಲ್ಲಿ ಪ್ರಗತಿ ಆಗುತ್ತಿರುವುದು ರೋಗಕ್ಕೆ. ‘ಪ್ರೋಗ್ರೆಸ್’ ಅಂದರೆ ಮುಂದೆ ಹೋಗುವುದು, ಯಾವ ಕಡೆ ಅನ್ನುವುದನ್ನು ಅದು ಹೇಳುವುದಿಲ್ಲ. ಶಾಲೆಯಲ್ಲಿ ಪ್ರೋಗ್ರೆಸ್ ಕಾರ್ಡ್ ಕೊಡುತ್ತಾರಲ್ಲ, ಮೂರು ವಿಷಯದಲ್ಲಿ ಕೆಂಪು ಗೆರೆ ಬಿದ್ದಿದ್ದರೂ ಅದರ ಹೆಸರು ಪ್ರೋಗ್ರೆಸ್ ಕಾರ್ಡೇ. ‘ಡೆವಲಪ್’ ಕೂಡ ಹಾಗೆಯೇ. ಗೋಡೆಯಲ್ಲಿ ಬಿರುಕು ‘ಡೆವಲಪ್’ ಆಗುತ್ತದೆ, ಮಗುವಿಗೆ ಜ್ವರ ‘ಡೆವಲಪ್’ ಆಗುತ್ತದೆ. ವೈದ್ಯರು ‘ಗ್ರೋತ್’ ಇದೆ ಅಂದರೆ ಯಾರೂ ಹಿಗ್ಗುವುದಿಲ್ಲ.

ಹಿಂದಕ್ಕೆ ಹೋಗುವ ಸುಧಾರಣೆ

‘ರಿ’ ಅಂತ ಶುರುವಾಗುವ ಒಂದು ಗುಂಪೇ ಇದೆ. ರಿಸ್ಟೋರ್, ರಿನೊವೇಟ್, ರಿವೈವ್, ರಿಜುವಿನೇಟ್. ಇವುಗಳಿಗೆ ಒಳ್ಳೆಯ ಕಾಲ ಹಿಂದೆ ಇತ್ತು. ಆದರೆ ಎಷ್ಟು ಹಿಂದಕ್ಕೆ ಹೋಗಬೇಕು ಅನ್ನುವುದರಲ್ಲಿ ಜಗಳ.

‘ರಿಸ್ಟೋರ್’ ಅಂದರೆ ಮೊದಲು ಹೇಗಿತ್ತೋ ಹಾಗೇ. ತೊಟ್ಟಿಮನೆಯೊಂದನ್ನು ರಿಸ್ಟೋರ್ ಮಾಡುವುದು ಅಂದರೆ ಅದೇ ಗಾರೆ, ಅದೇ ಮರದ ಕಂಬ, ಅದೇ ನಾಡಹೆಂಚು. ‘ರಿನೊವೇಟ್’ ಅಂದರೆ ಹೊಸದಾಗಿಸುವುದು. ಕೆಂಪು ನೆಲ ಕಿತ್ತು ಗ್ರಾನೈಟ್ ಹಾಕಿಸಿದರೂ ರಿನೊವೇಶನ್ನೇ. ಕಿತ್ತು ಹಾಕಿದ ಮೇಲೆ ಜಾಹೀರಾತಿನಲ್ಲಿ ‘ರಿಸ್ಟೋರ್ಡ್ ಹೆರಿಟೇಜ್ ಹೋಮ್’ ಅಂತ ಬರೆದರೆ ಅದು ಸುಳ್ಳು. ಇನ್ನು ಹಂಪಿಯಂಥ ಜಾಗದಲ್ಲಿ ಮುಖ್ಯವಾಗಿ ಕೇಳಿಬರುವ ‘ಕನ್ಸರ್ವ್’ ಸುಧಾರಣೆಯ ಪದವೇ ಅಲ್ಲ. ಇನ್ನಷ್ಟು ಹಾಳಾಗದಂತೆ ತಡೆಯುವುದು ಅದರ ಗುರಿ.

ಬೆಂಗಳೂರಿನ ಕೆರೆಗಳ ಬಗ್ಗೆ ಬರೆಯುವಾಗ ಇದು ಬಹಳ ಮುಖ್ಯ. ‘ಲೇಕ್ ರಿಜುವಿನೇಶನ್’ ಅನ್ನುವ ಮಾತು ಎಲ್ಲೆಲ್ಲೂ ಇದೆ. ಹೂಳು ತೆಗೆದು, ಕೊಳಚೆ ನೀರು ತಪ್ಪಿಸಿ, ಮಳೆನೀರು ಬರುವ ರಾಜಕಾಲುವೆಯನ್ನು ಮತ್ತೆ ಜೋಡಿಸಿದರೆ ಆ ಪದ ಒಪ್ಪುತ್ತದೆ. ಸುತ್ತ ಬೇಲಿ, ವಾಕಿಂಗ್ ಪಾತ್, ನಾಲ್ಕು ಕಲ್ಲುಬೆಂಚು ಹಾಕಿದರೆ ಅದಕ್ಕೆ ‘ಬ್ಯೂಟಿಫಿಕೇಶನ್’ ಅನ್ನುವ ಬೇರೆ ಪದ ಇದೆ. ಎರಡನೆಯದನ್ನು ಮಾಡಿ ಮೊದಲನೆಯದರ ಬೋರ್ಡ್ ಹಾಕುವುದು ಭಾಷೆಯ ತಪ್ಪಲ್ಲ, ಗೊತ್ತಿದ್ದೇ ಮಾಡುವ ಕೆಲಸ. ಸುದ್ದಿ ಬರೆಯುವವರಾದರೂ ಬೋರ್ಡ್ ನೋಡಿ ನಕಲು ಮಾಡದೆ ಕೆರೆ ನೋಡಿ ಪದ ಆರಿಸಬೇಕು.

ಮೆಟ್ಟಿಲು ಇದ್ದರೆ ‘ಅಪ್‌ಗ್ರೇಡ್’

ಇದು ಸುಲಭ. ಮೊದಲೇ ಗೊತ್ತಿರುವ ದರ್ಜೆಗಳಿದ್ದು ಕೆಳಗಿನದರಿಂದ ಮೇಲಿನದಕ್ಕೆ ಹೋದರೆ ‘ಅಪ್‌ಗ್ರೇಡ್’. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆಯಿತು, ಪ್ರಾಥಮಿಕ ಆರೋಗ್ಯ ಕೇಂದ್ರ ಸಮುದಾಯ ಆರೋಗ್ಯ ಕೇಂದ್ರ ಆಯಿತು, ಸ್ಲೀಪರ್ ಟಿಕೆಟ್ ಎಸಿಗೆ ಹೋಯಿತು. ಆಸ್ಪತ್ರೆಗೆ ಬರೀ ಬಣ್ಣ ಬಳಿಸಿದರೆ ಅಪ್‌ಗ್ರೇಡ್ ಅಲ್ಲ. ‘ಅಪ್‌ಡೇಟ್’ ಬೇರೆ, ಅದು ಇವತ್ತಿನ ತಾರೀಕಿಗೆ ತರುವುದು. ಫೋನಿಗೆ ತಿಂಗಳ ಸೆಕ್ಯುರಿಟಿ ಪ್ಯಾಚ್ ಬಂದರೆ ಅಪ್‌ಡೇಟ್, ಆಂಡ್ರಾಯ್ಡ್ 13 ಹೋಗಿ 14 ಬಂದರೆ ಅಪ್‌ಗ್ರೇಡ್. ಆಧಾರ್ ವಿಳಾಸ ಬದಲಿಸುವುದು ಅಪ್‌ಡೇಟ್, ಅದಕ್ಕೆ ಅಪ್‌ಗ್ರೇಡ್ ಅನ್ನಬೇಕಾದರೆ ಕನಿಷ್ಠ ಒಳ್ಳೆಯ ಏರಿಯಾಕ್ಕಾದರೂ ಹೋಗಿರಬೇಕು!

‘ಇಂಪ್ರೊವೈಸ್’ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗುವುದಿಲ್ಲ. ‘ನನ್ನ ಇಂಗ್ಲಿಷ್ ಇಂಪ್ರೊವೈಸ್ ಮಾಡ್ಕೋಬೇಕು’ ಅಂತ ಎಷ್ಟು ಜನ ಹೇಳುತ್ತಾರೆ! ಇದಕ್ಕೂ ‘ಇಂಪ್ರೂವ್’ಗೂ ನೆಂಟಸ್ತನವೇ ಇಲ್ಲ. ಮುಂಚೆ ಕಂಡಿರದ್ದು ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು ಇದು. ತಯಾರಿ ಇಲ್ಲದೆ ಆ ಕ್ಷಣಕ್ಕೆ ಕಟ್ಟುವುದು. ತಾಳಮದ್ದಳೆಯಲ್ಲಿ ಅರ್ಥಧಾರಿ ಬರೆದಿಟ್ಟ ಸಂಭಾಷಣೆ ಇಲ್ಲದೆ ಎದುರಿನವರ ಮಾತಿಗೆ ಅಲ್ಲಲ್ಲೇ ಮಾತು ಹೆಣೆಯುತ್ತಾರಲ್ಲ, ಅದು ಇಂಪ್ರೊವೈಸ್. ಇಂಟರ್‌ವ್ಯೂನಲ್ಲಿ ನಾವೂ ಮಾಡುತ್ತೇವೆ, ಆದರೆ ಅದನ್ನು ರೆಸ್ಯೂಮೆಯಲ್ಲಿ ಬರೆಯಬಾರದು.

ಬರೆಯಲು ಕೂತಾಗ

ಪದ ಆರಿಸಿದ ಮೇಲೂ ಅದರ ಬಾಲಕ್ಕೆ ಬರುವ ಪುಟ್ಟ ಪದಗಳಲ್ಲಿ ಅರ್ಥ ಬದಲಾಗುತ್ತದೆ. ‘ಇಂಪ್ರೂವ್‌ಮೆಂಟ್ ಇನ್ ದಿ ರೋಡ್ಸ್’ ಅಂದರೆ ರಸ್ತೆಗಳ ಸ್ಥಿತಿ ಮುಂಚೆಗಿಂತ ವಾಸಿ. ‘ಇಂಪ್ರೂವ್‌ಮೆಂಟ್ಸ್ ಟು ದಿ ರೋಡ್’ ಅಂದರೆ ಆ ರಸ್ತೆಗೆ ಮಾಡಿಸಿದ ಕಾಮಗಾರಿ: ಅಗಲ ಮಾಡಿದ್ದು, ಡಾಂಬರು ಹಾಕಿದ್ದು. ‘ಆ್ಯನ್ ಇಂಪ್ರೂವ್‌ಮೆಂಟ್ ಆನ್ ದಿ ಓಲ್ಡ್ ರೋಡ್’ ಅಂದರೆ ಹಳೇದಕ್ಕಿಂತ ಹೊಸದು ಮೇಲು. ಹೋಲಿಕೆಗೆ ‘ಆನ್’ ಅಥವಾ ‘ಓವರ್’. ಹಾಗೆಯೇ ‘ಐ ಇಂಪ್ರೂವ್ಡ್ ಹಿಸ್ ಡಿಸೈನ್’ ಅಂದರೆ ಅವನ ಡಿಸೈನನ್ನೇ ತಿದ್ದಿದೆ, ‘ಐ ಇಂಪ್ರೂವ್ಡ್ ಆನ್ ಹಿಸ್ ಡಿಸೈನ್’ ಅಂದರೆ ಅದಕ್ಕಿಂತ ಒಳ್ಳೆಯದನ್ನು ಮಾಡಿದೆ. ‘ಮೋರ್ ಬೆಟರ್’, ‘ಇಂಪ್ರೂವ್ ಬೆಟರ್’ ಎರಡನ್ನೂ ಬಿಟ್ಟುಬಿಡಿ, ‘ಬೆಟರ್’ ಒಳಗೇ ‘ಮೋರ್’ ಇದೆ.

ರೆಸ್ಯೂಮೆಯಲ್ಲಿ ನಾನಂತೂ ಈ ಪದಗಳನ್ನೆಲ್ಲ ಪಕ್ಕಕ್ಕಿಡಿ ಅನ್ನುತ್ತೇನೆ. ‘ಇಂಪ್ರೂವ್ಡ್ ದಿ ಬಿಲ್ಲಿಂಗ್ ಪ್ರೋಸೆಸ್’ ಅಂದರೆ ಏನೂ ಹೇಳಿದ ಹಾಗಲ್ಲ. ಅದನ್ನು ‘ಎನ್‌ಹ್ಯಾನ್ಸ್ಡ್’ ಅಂತ ಬದಲಿಸಿದರೂ ಅಷ್ಟೇ. ನಿಜವಾಗಿ ಏನಾಯಿತು? ಐದು ದಿನ ಹಿಡಿಯುತ್ತಿದ್ದ ಬಿಲ್ಲು ಎರಡು ದಿನಕ್ಕೆ ಬಂತಾ? ಹಾಗಾದರೆ ‘ಕಟ್ ಬಿಲ್ಲಿಂಗ್ ಟೈಮ್ ಫ್ರಮ್ ಫೈವ್ ಡೇಸ್ ಟು ಟೂ’ ಅಂತಲೇ ಬರೆಯಿರಿ. ಹಂತಗಳು ಕಡಿಮೆಯಾದವಾ? ‘ಸಿಂಪ್ಲಿಫೈಡ್’. ತಪ್ಪು ಕಡಿಮೆಯಾಯಿತಾ? ‘ರೆಡ್ಯೂಸ್ಡ್ ಎರರ್ಸ್’. ಮುಂಚೆ ಹೇಗಿತ್ತು, ಈಗ ಹೇಗಿದೆ ಎರಡೂ ಆ ಸಾಲಿನಲ್ಲೇ ಇರುವಾಗ ಹೊಗಳುವ ಕ್ರಿಯಾಪದ ಬೇಕಾಗುವುದೇ ಇಲ್ಲ. ‘ಆಪ್ಟಿಮೈಸ್ಡ್’ ಬಳಸುವ ಆಸೆ ಇದ್ದರೆ ಒಂದು ಷರತ್ತು: ಯಾವ ಮಿತಿಯೊಳಗೆ ಅಂತ ಹೇಳಲು ಬರಬೇಕು. ಬಸ್ಸುಗಳ ಸಂಖ್ಯೆ ಅಷ್ಟೇ ಇಟ್ಟುಕೊಂಡು ಕಾಯುವ ಹೊತ್ತನ್ನು ಆದಷ್ಟು ಕಡಿಮೆ ಮಾಡಿದರೆ ಅದು ಆಪ್ಟಿಮೈಸ್. ಹತ್ತು ಬಸ್ಸು ಜಾಸ್ತಿ ಬಿಟ್ಟರೆ ಅದು ದುಡ್ಡು ಹಾಕಿದ್ದು.

ಮಾತಿನಲ್ಲಾದರೆ ಇನ್ನೂ ಹಗುರ ಪದಗಳಿವೆ. ಗುಣವಾಗುತ್ತಿರುವವರು ‘ಆನ್ ದಿ ಮೆಂಡ್’, ವ್ಯಾಪಾರ ‘ಪಿಕಿಂಗ್ ಅಪ್’, ಒಟ್ಟಾರೆ ಕಾಲ ‘ಲುಕಿಂಗ್ ಅಪ್’. ಸ್ನೇಹಿತರ ಅಮ್ಮನ ಆರೋಗ್ಯ ವಿಚಾರಿಸುವಾಗ ‘ಈಸ್ ಶೀ ಇಂಪ್ರೂವಿಂಗ್’ ಅನ್ನುವುದಕ್ಕಿಂತ ‘ಈಸ್ ಶೀ ಫೀಲಿಂಗ್ ಬೆಟರ್’ ಹಿತವಾಗಿ ಕೇಳಿಸುತ್ತದೆ. ಮೊದಲನೆಯದು ಡಾಕ್ಟರ ಪ್ರಶ್ನೆ.

ಕೊನೆಗೆ ನಮ್ಮದೇ ಮೂರು ಪದಗಳು: ‘ಅಪ್‌ಗ್ರಡೇಶನ್’, ‘ಅಪ್‌ಡೇಶನ್’, ‘ಅಪ್‌ಲಿಫ್ಟ್‌ಮೆಂಟ್’. ಭಾರತದ ಇಂಗ್ಲಿಷ್‌ನಲ್ಲಿ ಇವು ಚೆನ್ನಾಗಿ ಬೇರೂರಿವೆ. ಟೆಂಡರ್ ನೋಟಿಸಿನಲ್ಲೋ ಇಲಾಖೆಯ ಸುತ್ತೋಲೆಯಲ್ಲೋ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಇವು ತಪ್ಪು ಅಂತ ಜಗಳಕ್ಕೆ ಹೋಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಅರ್ಥ ಎಲ್ಲರಿಗೂ ಆಗುತ್ತದೆ. ಆದರೆ ಲಂಡನ್ನಿನ ಕ್ಲೈಂಟಿಗೋ ಅಮೆರಿಕದ ಯೂನಿವರ್ಸಿಟಿಗೋ ಬರೆಯುವಾಗ ‘ಅಪ್‌ಗ್ರೇಡ್’, ‘ಅಪ್‌ಡೇಟ್’, ‘ಅಪ್‌ಲಿಫ್ಟ್’ ಅಂದರೆ ಸಾಕು, ಆ ಮೂರೂ ನಾಮಪದಗಳಾಗಿಯೂ ನಡೆಯುತ್ತವೆ.